ಸಹಾಯ ಬೇಕು: ಮುತ್ತಿನ ತೂತಿನ ಸುತ್ತ ಮಂಕು, ಕೊಳೆಯೋ ಸವೆತವೋ?

ರೇಷ್ಮೆ ದಾರದಲ್ಲಿ ಗಂಟು ಹಾಕಿ ಪೋಣಿಸಿದ ಮುತ್ತಿನ ಸರ. ಕತ್ತಿನ ಹಿಂಭಾಗಕ್ಕೆ ಬರುವ 7-8 ಮುತ್ತುಗಳು ಮಾತ್ರ ತೂತಿನ ಸುತ್ತ ಮಂಕಾಗಿವೆ, ಅಲ್ಲಿನ ಗಂಟುಗಳೂ ಕಂದಿವೆ. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ 2 ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆ ಬಟ್ಟೆ ಅದ್ದಿ ಹಿಂಡಿ ಒಂದೊಂದೇ ಮುತ್ತು ಒರೆಸಿದ್ದಾಯ್ತು. ನೇತುಹಾಕಿದರೆ ಒದ್ದೆ ದಾರ ಜಗ್ಗುತ್ತೆ ಅಂತ ಮಲಗಿಸಿಯೇ 24 ಗಂಟೆ ಒಣಗಿಸಿದ್ದೂ ಆಯ್ತು. ಉಳಿದ ಭಾಗ ಹೊಳೆಯಿತು, ಆ ಮಂಕು ಹೋಗಲಿಲ್ಲ. ವಿನೆಗರ್ ಮಾತ್ರ ದಯವಿಟ್ಟು ಹೇಳಬೇಡಿ, ಮುತ್ತು ಆಮ್ಲಕ್ಕೆ ಕರಗುತ್ತೆ.

ಬೆವರು, ಎಣ್ಣೆಯ ಕೊಳೆಯಾದರೆ ದಾರ ಕತ್ತರಿಸಿ ಬಿಡಿಬಿಡಿಯಾಗಿ ಒರೆಸಬಹುದು. ಬೆವರಿಗೆ ಮೇಲ್ಪದರವೇ ಸವೆದಿದ್ದರೆ ಉಜ್ಜಿದಷ್ಟೂ ಹಾಳು. ದಾರ ಬಿಚ್ಚುವ ಮೊದಲೇ, ಭೂತಗನ್ನಡಿಯಲ್ಲಿ ನೋಡಿ ಇವೆರಡನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ?