ಬೀಮಿನ ನಡುವೆ ರಿಂಗ್ ಅಂತರ ಸಡಿಲಿಸಬಹುದೇ? ಅನುಭವ ತಿಳಿಸಿ

ಪ್ರಶ್ನೆ: ಬೀಮಿನ ಅಗಲ 300 ಮಿ.ಮೀ., ಉಪಯುಕ್ತ ಆಳ (ಮೇಲಂಚಿನಿಂದ ಕೆಳಗಿನ ಕಂಬಿಯ ನಡುವಿನವರೆಗೆ) 500. ಆಧಾರದ ಬಳಿ 8 ಮಿ.ಮೀ. ಎರಡು ಕಾಲಿನ ರಿಂಗ್ (ಉದ್ದ ಕಂಬಿಗಳನ್ನು ಸುತ್ತುವ ಅಡ್ಡ ಕಂಬಿ) ಲೆಕ್ಕದಲ್ಲಿ 150 ಅಂತರಕ್ಕೆ ಬಂದಿದೆ. ನಡುಭಾಗದಲ್ಲಿ 300ಕ್ಕೆ ಬಿಡಬಹುದೇ?

ಉತ್ತರ 1: ಮೊದಲು 8ನ್ನು ಬಿಟ್ಟು 10 ಮಿ.ಮೀ.ಗೆ ಹೋಗಿ. ನಾನು ಹಟ ಹಿಡಿದು 8ರ ರಿಂಗನ್ನು 75 ಅಂತರದಲ್ಲಿ ಬರೆದೆ. ಕಂಬದ ಮುಖದಲ್ಲಿ ಮೇಲಿನ ಕಂಬಿಯೂ ಎರಡು ಸಾಲು. ವೈಬ್ರೇಟರ್ ಸೂಜಿ ಇಳಿಯಲೇ ಇಲ್ಲ. ಸೆಂಟ್ರಿಂಗ್ ಬಿಚ್ಚಿದಾಗ ತಳದಲ್ಲಿ ಅಂಗೈ ತೂರುವಷ್ಟು ಟೊಳ್ಳು, ಒಳಗೆ ರಿಂಗಿನ ಮೂಲೆ ಬರಿಮೈಯಲ್ಲಿ ಕಾಣುತ್ತಿತ್ತು. ನಾಲ್ಕು ಬೀಮ್, ಎಂಟು ತುದಿ. ಕೆತ್ತಲು 3 ದಿನ, ಗ್ರೌಟ್ ತುಂಬಲು 2, ಆಸರೆ ತೆಗೆಯದೆ ಕಾದದ್ದು 14. ಒಟ್ಟು 19 ದಿನ! 10ರ ರಿಂಗಾಗಿದ್ದರೆ 115 ಅಂತರ ಸಾಕಿತ್ತು.

ಉತ್ತರ 2: ಉತ್ತರ 1ರವರೇ, ತಪ್ಪು 8 ಮಿ.ಮೀ.ನದ್ದಲ್ಲ, ನಿಮ್ಮ ಬೀಮಿಗೆ ಆಳವೇ ಸಾಲದು. ನಾನು 10 ಹಾಕಿಯೇ ಪೆಟ್ಟು ತಿಂದವನು. ರಿಂಗಿನ ತುದಿಯ ಕೊಂಡಿಯನ್ನು 135 ಡಿಗ್ರಿ ಬಾಗಿಸಲು ಬೇಸತ್ತು 90ಕ್ಕೇ ನಿಲ್ಲಿಸಿದ್ದರು. ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್) ಸಿಡಿದರೆ ಅಂಥ ಕೊಂಡಿ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟಿನ ಹಿಂದಿನ ಸಂಜೆ ಕಣ್ಣಿಗೆ ಬಿತ್ತು. 212 ರಿಂಗ್ ಬಿಚ್ಚಿಸಿದೆ, ಒಂದನ್ನೂ ಬಿಡಲಿಲ್ಲ.

ಉತ್ತರ 3: ಬೀಮಿನ ಓರೆ ಬಿರುಕಿನ ಕೋನ 45 ಡಿಗ್ರಿ ಎಂಬ ಲೆಕ್ಕಕ್ಕೇ ಇಬ್ಬರೂ ಜೋತುಬಿದ್ದಿದ್ದೀರಿ. ಯುರೋಪಿನ ಕಾಂಕ್ರೀಟ್ ಸಂಹಿತೆ ಯೂರೋಕೋಡ್ 2ರಲ್ಲಿ ಆ ಕೋನವನ್ನು 21.8ರವರೆಗೆ ಇಳಿಸಬಹುದು, ಆಗ ಬಿರುಕನ್ನು ದಾಟುವ ಎರಡೂವರೆ ಪಟ್ಟು ರಿಂಗ್‌ಗಳು ಲೆಕ್ಕಕ್ಕೆ ಸಿಗುತ್ತವೆ. ನಾನು ಹಾಗೆಯೇ ಮಾಡಿದೆ, ಇಕ್ಕಟ್ಟೇ ಆಗಲಿಲ್ಲ.

ಉತ್ತರ 2: ಅರ್ಧ ಹೇಳಬೇಡಿ ಸ್ವಾಮಿ. ಅಲ್ಲಿ ರಿಂಗ್ ಲೆಕ್ಕ ಶುರುವಾದರೆ ಪೂರ್ತಿ ಶಿಯರ್ (ಬೀಮನ್ನು ಓರೆಯಾಗಿ ಸೀಳುವ ಬಲ) ಅದರ ಹೆಗಲಿಗೇ. ನಮ್ಮ ಭಾರತೀಯ ಸಂಹಿತೆ ಐಎಸ್ 456 ಕಾಂಕ್ರೀಟಿನ ಪಾಲು ಕಳೆದು ಉಳಿದದ್ದನ್ನಷ್ಟೇ ರಿಂಗಿಗೆ ಹೊರಿಸುತ್ತದೆ. ಇದರಿಂದೊಂದು, ಅದರಿಂದೊಂದು ಅನುಕೂಲ ಎತ್ತಿಕೊಂಡರೆ ಬೀಮ್ ಒಪ್ಪುವುದಿಲ್ಲ. ಕೋನ ಇಳಿದಷ್ಟೂ ಕೆಳಗಿನ ಕಂಬಿಯ ಎಳೆತ ಏರುತ್ತದೆ. ಕಂಬಿಯನ್ನು ಎಲ್ಲಿ ನಿಲ್ಲಿಸಿದಿರಿ?

ಉತ್ತರ 3: ಎಲ್ಲಿಯೂ ನಿಲ್ಲಿಸಿಲ್ಲ, ಎಲ್ಲವನ್ನೂ ಆಧಾರದೊಳಗೆ ಒಯ್ದಿದ್ದೇನೆ. ಕಾಂಕ್ರೀಟಿನ ಪಾಲನ್ನೂ ಸೇರಿಸಿಲ್ಲ. ಕೇಳಿ ತಿಳಿದು ಬೈಯಿರಿ.

ಉತ್ತರ 4: ನಡುಭಾಗವೆಂದು ಹಗುರವಾಗಿ ಕಾಣಬೇಡಿ. 1955ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಶೆಲ್ಬಿಯಲ್ಲಿ ವಾಯುಪಡೆಯ ಉಗ್ರಾಣದ ಚಾವಣಿ ಕುಸಿಯಿತು. ಬೀಮ್ ಮುರಿದಲ್ಲಿ ಮೇಲಿನ ಕಂಬಿ ಮುಗಿದಿತ್ತು, ರಿಂಗ್ ಇರಲಿಲ್ಲ, ಕುಗ್ಗುವಿಕೆಯ ಎಳೆತವೂ ಸೇರಿತ್ತು. ನಿಮ್ಮ ರಿಂಗಿಗೆ 415 ದರ್ಜೆಯ ಕಂಬಿಯಾದರೆ ಐಎಸ್ 456ರ ಕನಿಷ್ಠ ರಿಂಗಿನ ಲೆಕ್ಕ ಹೆಚ್ಚೆಂದರೆ 302 ಮಿ.ಮೀ. ಅಂತರ ಕೊಡುತ್ತದೆ. 300 ಅಂಚಿನಲ್ಲೇ ನಿಂತಿದೆ. ನಾನಾದರೆ 250 ಬರೆಯುತ್ತೇನೆ.

ಉತ್ತರ 1: ಆಳ ಸಾಲದು ಎಂದವರೇ, ಬೀಮಿನ ಕೆಳಗೇ ಬಾಗಿಲಿತ್ತು. ಇನ್ನೂ 50 ಮಿ.ಮೀ. ಆಳ ಕೇಳಿ ಮೂರು ಬಾರಿ ಬರೆದಿದ್ದೆ, ಮೂರು ಬಾರಿಯೂ ಆಗದು ಎಂದರು.