ಮಗನ ಗಾರ್ಡ್ ಪಡೆಗೆ ಉಕ್ರೇನ್ ಪಾಲುದಾರ ದೇಶವಂತೆ, ಯುದ್ಧಕ್ಕೆ ಕಳಿಸುತ್ತಾರಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾವು ಹಾಸನದವರು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂದಮೇಲೆ ನ್ಯಾಷನಲ್ ಗಾರ್ಡ್, ಅಂದರೆ ಅಲ್ಲಿನ ರಾಜ್ಯದ ಅರೆಕಾಲಿಕ ಸೇನಾಪಡೆ, ಸೇರಿದ. ತಿಂಗಳಿಗೊಮ್ಮೆ ಶನಿವಾರ-ಭಾನುವಾರ ಡ್ರಿಲ್, ಉಳಿದ ದಿನ ಆಫೀಸು. ಅವನ ರಾಜ್ಯದ ಪಡೆಗೂ ಉಕ್ರೇನಿಗೂ ನಂಟು ಹಾಕಿಕೊಟ್ಟ ಕಾನೂನು ಇದೆಯಂತೆ. ಅಲ್ಲಿ ಯುದ್ಧ ನಡೀತಿದೆಯಲ್ಲ ಸರ್, ಇವನನ್ನೂ ಕಳಿಸಿಬಿಡ್ತಾರಾ?

ಉತ್ತರ: ಅಮ್ಮ, ಆ ಕಾನೂನಿನ ಕಾರಣಕ್ಕೆ ಯಾರನ್ನೂ ಯುದ್ಧಕ್ಕೆ ಕಳಿಸುವುದಿಲ್ಲ. ಅದರ ಹೆಸರು ಸ್ಟೇಟ್ ಪಾರ್ಟ್‌ನರ್‌ಶಿಪ್ ಪ್ರೋಗ್ರಾಂ. ಸೋವಿಯತ್ ಒಕ್ಕೂಟ ಒಡೆದ ಮೇಲೆ 1993ರಲ್ಲಿ ಎಸ್ಟೋನಿಯಾಕ್ಕೆ ಮೇರಿಲ್ಯಾಂಡ್, ಲಾಟ್ವಿಯಾಕ್ಕೆ ಮಿಚಿಗನ್, ಲಿಥುವೇನಿಯಾಕ್ಕೆ ಪೆನ್ಸಿಲ್ವೇನಿಯಾ ಎಂದು ರಾಜ್ಯಗಳ ಗಾರ್ಡ್‌ಗಳನ್ನು ಜೋಡಿ ಮಾಡಿದರು. ಕ್ಯಾಲಿಫೋರ್ನಿಯಾ-ಉಕ್ರೇನ್ ಜೋಡಿಯೂ ಅದೇ ವರ್ಷದ್ದು. ಈಗ ಅಮೆರಿಕದ ಕಾನೂನು ಸಂಹಿತೆಯಲ್ಲಿ ಸೇನೆಗೆ ಸಂಬಂಧಿಸಿದ ಭಾಗವಾದ ಟೈಟಲ್ 10ರ 341ನೇ ಸೆಕ್ಷನ್ ಇದಕ್ಕೆ ಆಧಾರ. ಒಂದು ದೇಶದಲ್ಲಿ ಏನೇ ಚಟುವಟಿಕೆ ನಡೆಯಬೇಕಾದರೂ ಆ ಭಾಗದ ಅಮೆರಿಕನ್ ಸೇನಾ ಕಮಾಂಡರ್ ಮತ್ತು ಅಲ್ಲಿನ ಅಮೆರಿಕನ್ ರಾಯಭಾರಿ, ಇಬ್ಬರ ಒಪ್ಪಿಗೆಯೂ ಬೇಕು. ನಡೆಯುವುದು ತರಬೇತಿ, ಪರಸ್ಪರ ಭೇಟಿ, ವಿಪತ್ತು ನಿರ್ವಹಣೆ, ಇಂಥವು. ಆ ದೇಶದ ಪರವಾಗಿ ಹೋರಾಡುವ ಬಾಧ್ಯತೆ ಅದರಲ್ಲಿಲ್ಲ.

ಹಾಗಂತ ಅಪಾಯವೇ ಇಲ್ಲ ಎಂದು ನಾನು ಹೇಳಲಾರೆ. 2018ರ ಅಕ್ಟೋಬರ್‌ನಲ್ಲಿ ಉಕ್ರೇನಿನಲ್ಲಿ 'ಕ್ಲಿಯರ್ ಸ್ಕೈ' ಎಂಬ ಸಮರಾಭ್ಯಾಸ ನಡೆದಾಗ ಸುಖೋಯ್-27 ವಿಮಾನ ಬಿದ್ದು ಅದರಲ್ಲಿದ್ದ ಇಬ್ಬರೂ ತೀರಿಕೊಂಡರು. ಒಬ್ಬರು ಉಕ್ರೇನಿನ ಪೈಲಟ್, ಇನ್ನೊಬ್ಬರು ಫ್ರೆಸ್ನೊದ 144ನೇ ಫೈಟರ್ ವಿಂಗ್‌ನವರು, ಅಂದರೆ ಕ್ಯಾಲಿಫೋರ್ನಿಯಾ ಗಾರ್ಡ್‌ನವರೇ. ಯುದ್ಧವಲ್ಲ, ಅಭ್ಯಾಸ. ಆದರೂ ಜೀವ ಹೋಯಿತು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನೇಪಾಳ ಇದನ್ನೇ ಅಲ್ಲವೇ ಸರ್ ಬೇಡ ಅಂದಿದ್ದು?

ಉತ್ತರ: ಹೌದು. 2015ರ ಭೂಕಂಪದ ನಂತರ ಅವರೇ ಕೇಳಿಕೊಂಡಿದ್ದರು, ಯೂಟಾ ಗಾರ್ಡ್ ಜೊತೆ ಜೋಡಿಯಾಗಿತ್ತು. ಇದು ಸೇನಾ ಒಪ್ಪಂದ ಎಂದು ಅಲ್ಲಿ ದೊಡ್ಡ ಗಲಾಟೆಯಾಗಿ, 2022ರ ಜೂನ್‌ನಲ್ಲಿ ಸಂಪುಟವೇ ಬೇಡ ಎಂದು ತೀರ್ಮಾನಿಸಿತು.

ಪ್ರಶ್ನೆ: ಸರ್, ಮತ್ತೆ ನಾನೇ. ಅಕಸ್ಮಾತ್ ಕರೆ ಬಂದರೆ ಅಲ್ಲಿನ ಗವರ್ನರ್ ತಡೆಯಬಹುದಾ?

ಉತ್ತರ: ಇಲ್ಲಮ್ಮ, ನಂಬಿಕೊಳ್ಳಬೇಡಿ. 80ರ ದಶಕದಲ್ಲಿ ಕೆಲವು ಗವರ್ನರ್‌ಗಳು ತಮ್ಮ ಗಾರ್ಡ್‌ಗಳನ್ನು ಮಧ್ಯ ಅಮೆರಿಕಕ್ಕೆ ತರಬೇತಿಗೆ ಕಳಿಸಲು ಒಪ್ಪಲಿಲ್ಲ. 1986ರಲ್ಲಿ ಸಂಸತ್ತು ಮಾಂಟ್‌ಗೊಮೆರಿ ತಿದ್ದುಪಡಿ ತಂದು, ಜಾಗ ಸರಿಯಿಲ್ಲ, ಉದ್ದೇಶ ಸರಿಯಿಲ್ಲ ಎಂಬ ಕಾರಣಕ್ಕೆ ವಿದೇಶಿ ತರಬೇತಿ ತಡೆಯುವಂತಿಲ್ಲ ಎಂದಿತು. ಮಿನ್ನೆಸೋಟ ಗವರ್ನರ್ ಪರ್ಪಿಚ್ ಸುಪ್ರೀಂ ಕೋರ್ಟ್‌ವರೆಗೆ ಹೋದರು. 1990ರಲ್ಲಿ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟರು. ನನ್ನ ಮಟ್ಟಿಗೆ, ಗಾರ್ಡ್ ಸೇರುವ ಪ್ರತಿ ಹುಡುಗನ ಮನೆಯವರಿಗೂ ಸಹಿಗೆ ಮುಂಚೆ ಇದನ್ನು ಬಿಡಿಸಿ ಹೇಳಬೇಕು.

ಆದ್ದರಿಂದ ಪಾಲುದಾರ ದೇಶ ಯಾವುದು ಎಂಬುದಕ್ಕಿಂತ ಕೈಗೆ ಬರುವ ಆರ್ಡರ್‌ನಲ್ಲಿ ಯಾವ ಸೆಕ್ಷನ್ ಬರೆದಿದ್ದಾರೆ ಎಂಬುದೇ ಮುಖ್ಯ. ಅದೇ ಟೈಟಲ್ 10ರ 12301(ಡಿ) ಅಂತಿದ್ದರೆ ಅವನು ಒಪ್ಪಿದ್ದರಿಂದ ಹೋಗುತ್ತಿದ್ದಾನೆ. 12302 ಅಂತಿದ್ದರೆ ರಾಷ್ಟ್ರೀಯ ತುರ್ತು ಪರಿಸ್ಥಿತಿಯಲ್ಲಿ ಒಪ್ಪಿಗೆ ಕೇಳದೆ ಕರೆದಿದ್ದಾರೆ. ಸತತ 24 ತಿಂಗಳವರೆಗೂ ಇಟ್ಟುಕೊಳ್ಳಬಹುದು. ಯಾವ ಆರ್ಡರ್ ಬಂದರೂ ಅದರ ಫೋಟೋ ತೆಗೆದು ನನಗೆ ಕಳಿಸಲು ಮಗನಿಗೆ ಹೇಳಿ, ಓದಿ ವಿವರಿಸುತ್ತೇನೆ.