ಸೋಯಾ ಹಾಲು, ಥೈರಾಯ್ಡ್ ಮಾತ್ರೆ, ನಾದಿನಿ ಕಳಿಸಿದ ಡಬ್ಬಿ

ಪ್ರಶ್ನೆ (ಬದಿಯಡ್ಕದಿಂದ): ಡಾಕ್ಟ್ರೇ, ನನಗೆ 51. ಮುಟ್ಟು ನಿಂತು ಒಂದೂವರೆ ವರ್ಷ ಆಯಿತು. ರಾತ್ರಿ ಎರಡು ಗಂಟೆಗೆ ಎದೆಯಿಂದ ಮುಖಕ್ಕೆ ಬಿಸಿ ಏರಿ ನೈಟಿ ಪೂರ್ತಿ ಒದ್ದೆ. ನಾನು ಫ್ಯಾನ್ ಜೋರು ಮಾಡುವುದು, ಇವರು ಕಂಬಳಿ ಎಳೆದುಕೊಳ್ಳುವುದು, ದಿನಾ ಇದೇ. ಮಂಗಳೂರಿನ ನಾದಿನಿ ಹೇಳಿದಳು ಅಂತ ಮೂರು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ಒಂದು ಗ್ಲಾಸ್ ಸೋಯಾ ಹಾಲು ಕುಡಿಯುತ್ತೇನೆ. ಈಗ ಸೋಯಾ ಕ್ಯಾಪ್ಸೂಲ್ ಡಬ್ಬಿಯನ್ನೂ ಕಳಿಸಿದ್ದಾಳೆ. ಪಕ್ಕದ ಮನೆಯ ಅಕ್ಕ, ಅದರಲ್ಲಿ ಹೆಂಗಸರ ಹಾರ್ಮೋನು ಉಂಟು, ಕ್ಯಾನ್ಸರ್ ಬರುತ್ತದೆ ಅಂತ ಹೆದರಿಸಿದರು. ಮಗ ಬೇರೆ ಜಿಮ್‌ಗೆ ಹೋಗಿ ಸೋಯಾ ಚಂಕ್ಸ್ ತಿನ್ನುತ್ತಾನೆ. ಅವನಿಗೆ ತೊಂದರೆ ಆಗುತ್ತದಾ?

ಉತ್ತರ: ಅಕ್ಕಾ, ಸೋಯಾದಲ್ಲಿ ಇರುವುದು ಹೆಂಗಸರ ಹಾರ್ಮೋನು ಅಲ್ಲ. ಜೆನಿಸ್ಟೀನ್, ಡೈಡ್‌ಜೀನ್ ಅಂತ ಗಿಡದಲ್ಲೇ ಇರುವ ಐಸೋಫ್ಲೇವೋನ್‌ಗಳು. ನೋಡಲು ಹೆಂಗಸರ ಹಾರ್ಮೋನಾದ ಈಸ್ಟ್ರೋಜನ್ ತರ ಇರುವುದರಿಂದ ಅದು ಕೂರುವ ಜಾಗದಲ್ಲಿ ಹೋಗಿ ಕೂರುತ್ತವೆ, ಆದರೆ ಮಾಡುವ ಕೆಲಸ ತುಂಬಾ ಕಮ್ಮಿ. ಜಪಾನಿನವರು ತಲೆಮಾರುಗಳಿಂದ ದಿನಾ 25ರಿಂದ 50 ಮಿಲಿಗ್ರಾಂನಷ್ಟು ಐಸೋಫ್ಲೇವೋನ್ ಊಟದಲ್ಲೇ ತಿನ್ನುತ್ತಾ ಬಂದಿದ್ದಾರೆ.

ಬಿಸಿ ಏರುವುದು ಕಮ್ಮಿ ಆಗುತ್ತದಾ ಅಂದರೆ, ಸ್ವಲ್ಪ. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ 2012ರಲ್ಲಿ ನೋಡಿದಾಗ ಸುಮ್ನೆ ಹಿಟ್ಟಿನ ಮಾತ್ರೆ ನುಂಗಿದವರಿಗಿಂತ ಐದರಲ್ಲಿ ಒಂದು ಪಾಲು ಇಳಿದಿತ್ತು. ಅದೂ ವಾರಗಟ್ಟಲೆ ತಗೊಂಡ ಮೇಲೆ. ಎಲ್ಲರ ಕರುಳೂ ಒಂದೇ ತರ ಇಲ್ಲ: ಡೈಡ್‌ಜೀನನ್ನು ಈಕ್ವಾಲ್ ಅನ್ನುವ ಇನ್ನೂ ಬಲವಾದ ವಸ್ತುವಾಗಿ ಬದಲಾಯಿಸುವ ಬ್ಯಾಕ್ಟೀರಿಯಾ ಕೆಲವರಲ್ಲಿ ಮಾತ್ರ ಇರುತ್ತದೆ, ಅಂಥವರಿಗೆ ಜಾಸ್ತಿ ಗುಣ ಕಾಣಬಹುದು ಅಂತ ಒಂದು ಲೆಕ್ಕಾಚಾರ.

ಮಗನ ವಿಷಯ ಬಿಡಿ. ಗಂಡಸರ ಟೆಸ್ಟೋಸ್ಟೆರಾನ್ ಇದರಿಂದ ಇಳಿಯುವುದಿಲ್ಲ ಅಂತ 2010ರಲ್ಲೂ 2021ರಲ್ಲೂ ಪ್ರಯೋಗಗಳನ್ನು ಸೇರಿಸಿ ನೋಡಿ ಹೇಳಿದ್ದಾರೆ. ಎದೆ ಊದಿದ ಒಬ್ಬರ ಕೇಸು ಎಲ್ಲ ಕಡೆ ಓಡಾಡುತ್ತದೆ, ಆ ಮಹಾಶಯರು ದಿನಕ್ಕೆ ಮೂರು ಲೀಟರ್ ಹತ್ತಿರ ಸೋಯಾ ಹಾಲು ಕುಡಿಯುತ್ತಿದ್ದರು!

ಒಂದು ಮಾತು ಕೇಳಬೇಕಿತ್ತು. ಬೇರೆ ಮಾತ್ರೆ ಏನಾದರೂ ತಗೊಳ್ತೀರಾ?

ಪ್ರಶ್ನೆ (ಅವರೇ): ಥೈರಾಯ್ಡ್‌ದು ಉಂಟು, 75 ಮೈಕ್ರೋಗ್ರಾಂದು. ಬೆಳಗ್ಗೆ ಅದೇ ಹಾಲಿನ ಜೊತೆ ನುಂಗುತ್ತೇನೆ, ಮರೆಯಬಾರದಲ್ವಾ. ಮೊದಲು ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿ ಆದಾಗ ರಕ್ತದಲ್ಲಿ ಏರುವ ಹಾರ್ಮೋನು) 3 ಇತ್ತು, ಕಳೆದ ವಾರ 9 ಬಂತು. ಡೋಸ್ ಜಾಸ್ತಿ ಮಾಡಬೇಕು ಅಂದರು.

ಉತ್ತರ: ನೋಡಿ, ಸಿಕ್ಕಿತು. ಸೋಯಾ ಜೊತೆ ನುಂಗಿದರೆ ಆ ಮಾತ್ರೆ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಿಮ್ಮ ಟಿಎಸ್‌ಎಚ್ ಏರಿದ್ದಕ್ಕೆ ಇದೇ ಕಾರಣ ಇರಬಹುದು. ಎದ್ದ ಕೂಡಲೇ ಮಾತ್ರೆ, ಬರೀ ನೀರಿನ ಜೊತೆ. ಕಾಫಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಸೋಯಾ ಹಾಲು ನಾಲ್ಕು ಗಂಟೆ ಕಳೆದ ಮೇಲೆ, ಸಂಜೆ ಕುಡಿದರೆ ಇನ್ನೂ ಒಳ್ಳೆಯದು. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಈ ಹಾಲಿನ ವಿಷಯ ಹೇಳಿ. ಆರರಿಂದ ಎಂಟು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಟ್ಟು ನೋಡಿದ ಮೇಲೆ ಡೋಸ್ ಮಾತು.

ಪ್ರಶ್ನೆ (ಮಂಜೇಶ್ವರದಿಂದ): ಮಧ್ಯೆ ಬಂದೆ, ಕ್ಷಮಿಸಿ. ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ಅದು ಮರುಕಳಿಸದಂತೆ ಈಸ್ಟ್ರೋಜನ್ ತಡೆಯುವ ಟಮಾಕ್ಸಿಫೆನ್ ಮಾತ್ರೆ ತಗೊಳ್ತಾರೆ. ಸೋಯಾ ಮುಟ್ಟಲೇಬಾರದಾ?

ಉತ್ತರ: ಅಡುಗೆಯಲ್ಲಿ ಬರುವ ಸೋಯಾಕ್ಕೆ ಹೆದರಬೇಡಿ. ಶಾಂಘೈಯಲ್ಲಿ ಚಿಕಿತ್ಸೆ ಆದ 5,042 ಹೆಂಗಸರನ್ನು ಗಮನಿಸಿ 2009ರಲ್ಲಿ ವರದಿ ಬಂತು: ಸೋಯಾ ಜಾಸ್ತಿ ತಿಂದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಮ್ಮಿ. ಸೋಯಾದಿಂದಲೇ ಹಾಗಾಯಿತು ಅಂತ ಇದರಿಂದ ಹೇಳಲು ಬರುವುದಿಲ್ಲ, ಕೆಡುಕಂತೂ ಕಾಣಲಿಲ್ಲ. ಕ್ಯಾಪ್ಸೂಲ್ ಮಾತ್ರ ಅವರಿಗೆ ಬೇಡವೇ ಬೇಡ. ಅದರಲ್ಲಿ ಕಾಳಿನ ಸಾರವನ್ನು ಹಿಂಡಿ ತುಂಬಿರುತ್ತಾರೆ, ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ (ಬದಿಯಡ್ಕದಿಂದ): ಹಾಗಾದರೆ ನನ್ನ ಡಬ್ಬಿ? 80 ಮಿಲಿಗ್ರಾಂ ಅಂತ ಬರೆದಿದೆ.

ಉತ್ತರ: ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ನೋಡಿದಾಗ, ಮುಟ್ಟು ನಿಂತವರಿಗೆ ದಿನಕ್ಕೆ 35ರಿಂದ 150 ಮಿಲಿಗ್ರಾಂವರೆಗೆ ಐಸೋಫ್ಲೇವೋನ್‌ನಿಂದ ಸ್ತನ, ಗರ್ಭಕೋಶ, ಥೈರಾಯ್ಡ್‌ಗೆ ಹಾನಿ ಕಾಣಲಿಲ್ಲ. ಆದರೆ 150ನ್ನು ಐದು ವರ್ಷ ತಗೊಂಡ ಒಂದು ಪ್ರಯೋಗದಲ್ಲಿ ಕೆಲವರಿಗೆ ಗರ್ಭಕೋಶದ ಒಳಪದರ ದಪ್ಪ ಆಗಿತ್ತು. ಥೈರಾಯ್ಡ್ ಹಿಡಿತಕ್ಕೆ ಬರುವವರೆಗೆ ಡಬ್ಬಿ ತೆರೆಯಬೇಡಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸೋಯಾ ಅಂತ ಸುಮ್ಮನಿರದೆ ತೋರಿಸಿ.

ಪ್ರಶ್ನೆ (ಅವರೇ): ಸರಿ ಡಾಕ್ಟ್ರೇ. ನಾದಿನಿಗೂ ಥೈರಾಯ್ಡ್ ಉಂಟು, ಅವಳೂ ಬೆಳಗ್ಗೆ ಅದೇ ಹಾಲು ಕುಡಿಯುವುದು. ಈಗಲೇ ಫೋನ್ ಮಾಡುತ್ತೇನೆ.